ಟಾಟಾ ಏಸ್ ಹತ್ತುವ ಮನೆ

ನಮ್ಮ ಮನೆಗೆ ಏನೇ ತರುವ ಮುಂಚೆ ನಾವಿಬ್ಬರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದು ಟಾಟಾ ಏಸ್ ಹತ್ತುತ್ತದಾ? ಅಂದರೆ ಮನೆ ಬದಲಿಸುವಾಗ ಸಾಮಾನು ಸಾಗಿಸುವ ಆ ಪುಟ್ಟ ಟೆಂಪೋದಲ್ಲಿ ಹಿಡಿಸುತ್ತದಾ? ಹತ್ತುವುದಾದರೆ ರೇಟಿನ ಮಾತು. ಇಲ್ಲಾಂದ್ರೆ ಅಂಗಡಿಯಲ್ಲೇ ಬಿಟ್ಟು ಬರುವುದು.

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗ್ರಿಮೆಂಟ್ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ಬೇಡ ಅಂತ ಎಲ್ಲರೂ 11ಕ್ಕೇ ನಿಲ್ಲಿಸುತ್ತಾರೆ. ಅಡ್ವಾನ್ಸ್ ಮಾತ್ರ ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ಹಳೇ ರೂಢಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತಿದೆ. ಅದು ಬರೀ ಮಾದರಿ. ಓನರ್ ಹತ್ತಿರ ಅದನ್ನು ಹೇಳಿದರೆ ನಕ್ಕು ಕಾಫಿ ಕೊಟ್ಟು ಕಳಿಸುತ್ತಾರೆ ಅಷ್ಟೇ. ಇನ್ನು ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇದ್ದೇ ಇದೆ. ಗೋಡೆಯನ್ನು ನೀವು ಎಷ್ಟು ಜೋಪಾನವಾಗಿ ಇಟ್ಟುಕೊಂಡರೂ ಹಿಡಿಯುತ್ತಾರೆ.

ಅಂದಮೇಲೆ ಗೋಡೆಗೆ ಹಾಕಿದ ದುಡ್ಡು ಓನರ್‌ದು. ಟೆಂಪೋಗೆ ಹಾಕಿದ ದುಡ್ಡು ನಮ್ಮದು. ಯೂಟ್ಯೂಬ್‌ನಲ್ಲಿ ವಾಲ್‌ಪೇಪರ್ ಅಂಟಿಸಿ 'ರೆಂಟಲ್ ಮೇಕೋವರ್' ಮಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕೀಳುವಾಗ ಪೇಂಟೂ ಜೊತೆಗೇ ಕಿತ್ತು ಬರುತ್ತದೆ, ಆ ವಿಡಿಯೋ ಮಾತ್ರ ಯಾರೂ ಹಾಕುವುದಿಲ್ಲ.

ನಮ್ಮದು ವಿಜಯನಗರದ ಕಡೆ, 20-30 ಸೈಟಿನಲ್ಲಿ ಕಟ್ಟಿದ ಕಟ್ಟಡದ ಎರಡನೇ ಮಹಡಿ. ಒಂದು ರೂಮು, ಹಾಲು, ಅಡುಗೆಮನೆ. ಹಾಲಿನ ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಾವೇ ಎಣಿಸಿ ಹೇಳಬಹುದು. ಬೆಳಕು ಬರುವುದು ಬಾಗಿಲಿನಿಂದ, ಅದೂ ತೆಗೆದಿಟ್ಟರೆ.

ನಾನು ಗದಗ ಕಡೆಯವಳು. ಅವ್ವ ಮೊದಲ ಸಲ ಬಂದಾಗ ನಾನು ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದೆ. "ಬಾಡಗಿ ಮನಿಗೆ ಯಾಕವಾ ಇಷ್ಟ್ ಸಿಂಗಾರ? ರೊಕ್ಕ ಹೆಚ್ಚಾಗ್ಯಾವೇನು?" ಅಂದಳು. ಊರಿಗೆ ವಾಪಸ್ ಹೋದವಳು ತಾನೇ ಎರಡು ಹಳೇ ಕಾಟನ್ ಸೀರೆ, ಒಂದು ಕೌದಿ ಗಂಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದಳು. ಈ ಮನೆಯ ಅಲಂಕಾರದಲ್ಲಿ ಮುಕ್ಕಾಲು ಪಾಲು ಆ ಗಂಟೇ.

ಸೀರೆಗಳು ಬೆಟಗೇರಿ ಮಗ್ಗದವು. ಒಂದು ಕಾಡಿಗೆಗಪ್ಪು, ಕೆಂಪು ಅಂಚಿನದು. ಇನ್ನೊಂದು ಸಾಸಿವೆ ಹೂವಿನ ಬಣ್ಣ. ಉಡಲು ಹಳತಾಗಿದ್ದವು, ಆದರೆ ಕರ್ಟನ್ನಿಗೆ ಹೇಳಿ ಮಾಡಿಸಿದ ಹಾಗಿದ್ದವು. ಲೆಕ್ಕ ಬಹಳ ಸುಲಭ. ಸೀರೆ ಐದೂವರೆ ಮೀಟರ್ ಉದ್ದ. ನಡುವೆ ಕತ್ತರಿಸಿದರೆ ಒಂದೊಂದೂ ಒಂಬತ್ತು ಅಡಿ. ಬಾಗಿಲು ಏಳು ಅಡಿ. ಉಳಿದ ಎರಡು ಅಡಿಯಲ್ಲಿ ಮೇಲೆ ರಾಡ್ ತೂರಿಸಲು ನಾಲ್ಕು ಇಂಚು, ಕೆಳಗೆ ಒಂದೂವರೆ ಅಡಿ ಮಡಿಕೆ. ಕೆಳಗೆ ಭಾರ ಇದ್ದರೆ ಬಟ್ಟೆ ನೆಟ್ಟಗೆ ಬೀಳುತ್ತದೆ, ಫ್ಯಾನ್ ಗಾಳಿಗೆ ಹಾರುವುದಿಲ್ಲ. ಅಂಚುಗಳು ಎರಡೂ ಬದಿಗೆ ಉದ್ದಕ್ಕೆ ಇಳಿಯುತ್ತವೆ. ಸೆರಗು ಮಾತ್ರ ಒಂದೇ ಕರ್ಟನ್ನಿಗೆ ಬರುತ್ತದೆ, ಅದರ ಜೋಡಿ ಬೋಳು. ಅದನ್ನು ಸರಿ ಮಾಡಲು ಹೋಗಬೇಡಿ. ಸೆರಗಿದ್ದದ್ದನ್ನು ಯಾವಾಗಲೂ ಎಳೆದಿರುವ ಕಡೆಗೆ ಹಾಕಿ, ಇನ್ನೊಂದನ್ನು ಮಡಿಸಿ ಕಟ್ಟಿಡುವ ಕಡೆಗೆ.

ಬೀದಿ ಕೊನೆಯಲ್ಲಿ ಫಾಲ್, ಜಿಗ್‌ಜಾಗ್ ಹಾಕಿಕೊಡುವ ಟೈಲರ್ ಸೀರೆಯನ್ನು ಬಿಚ್ಚಿ ನೋಡಿ, "ಮೇಡಂ, ಇದನ್ನ ಕಟ್ ಮಾಡ್ಲಾ? ಚೆನ್ನಾಗೇ ಇದ್ಯಲ್ಲ" ಅಂತ ಮತ್ತೆ ಮತ್ತೆ ಕೇಳಿದರು. ಹೊಲಿಗೆ ಕೂಲಿ ಸೇರಿ ಎರಡು ಸೀರೆಗೆ ನಾನೂರು ರೂಪಾಯಿ ದಾಟಲಿಲ್ಲ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಂಡಿದ್ದರೆ ಅದು ಒಂದು ಬಾಗಿಲಿಗೂ ಸಾಲುತ್ತಿರಲಿಲ್ಲ.

ಒಂದೂವರೆ ಅಡಿ ಮಡಿಕೆ ಯಾಕೆ ಇಡಿಸುತ್ತೇನೆ ಅಂದರೆ, ಮುಂದಿನ ಮನೆಯ ಬಾಗಿಲು ಎಷ್ಟು ಎತ್ತರವೋ ಯಾರಿಗೆ ಗೊತ್ತು? ಹಿಂದಿನ ಮನೆಯ ಕಿಟಕಿ ಕರ್ಟನ್ ಇಲ್ಲಿಗೆ ಗಿಡ್ಡವಾಯಿತು. ಮಡಿಕೆ ಬಿಚ್ಚಿದೆ. ಒಳಗೆ ಅಡಗಿದ್ದ ಬಟ್ಟೆ ಬಿಸಿಲು ಕಂಡಿರಲಿಲ್ಲ ನೋಡಿ, ಹೊಸ ನೀಲಿ ಹಾಗೇ ಇತ್ತು. ಮೇಲೆಲ್ಲ ಮಾಸಿದ ನೀಲಿ, ಕೆಳಗೆ ಗೇಣಗಲ ಗಾಢ ನೀಲಿ ಪಟ್ಟಿ, ನಡುವೆ ಹಳೇ ಹೊಲಿಗೆಯ ತೂತುಗಳ ಸಣ್ಣ ಸಾಲು. ನೋಡಿದವರು "ಎಲ್ಲಿ ತಗೊಂಡ್ರಿ ಈ ಡಿಸೈನು?" ಅಂತಾರೆ. ನಾನೂ ಸುಮ್ನೆ ಚಿಕ್ಕಪೇಟೆ ಅನ್ನುತ್ತೇನೆ.

ಕೌದಿ ದೀವಾನ್ ಮೇಲಿದೆ. ಬೆಡ್‌ಶೀಟ್ ಹಾಸಿದರೆ ಸಂಜೆಯೊಳಗೆ ಜಾರಿ ಮುದ್ದೆಯಾಗಿ ಮೂಲೆಗೆ ಸೇರುತ್ತದೆ, ಅದನ್ನು ಎಳೆದೆಳೆದು ಸರಿ ಮಾಡುವುದೇ ಒಂದು ಕೆಲಸ. ಕೌದಿ ಭಾರಕ್ಕೆ ಅಲ್ಲಾಡುವುದಿಲ್ಲ. ಹಳೇ ಸೀರೆ, ಧೋತರ, ಲಂಗದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿರುತ್ತಾರೆ. ಒಂದು ಮೂಲೆಯಲ್ಲಿ ನನ್ನ ಸ್ಕೂಲ್ ಯೂನಿಫಾರಂ ತುಂಡಿದೆ. ಒಗೆಯುವುದೇ ಕಷ್ಟ, ನೆನೆದರೆ ಎತ್ತಲು ಇಬ್ಬರು ಬೇಕು. ಅದಕ್ಕೇ ಬೇಸಿಗೆಯಲ್ಲಿ ಮಾತ್ರ, ತಾರಸಿ ಮೇಲೆ. ಅದಕ್ಕೂ ಓನರ್ ಆಂಟಿ ಹತ್ತಿರ ಮೊದಲೇ ಹೇಳಿಟ್ಟಿರಬೇಕು.

ಆಂಟಿ ಕೆಟ್ಟವರಲ್ಲ. ಆದರೆ ಕೀ ಕೊಡುವಾಗಲೇ "ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಆಯ್ತಾ?" ಅಂದಿದ್ದರು. ಅಂಟಿಸುವ ಹುಕ್ ಇದೆಯಲ್ಲ ಅಂತೀರಿ. ಮೊದಲು ಗೋಡೆಯ ಮೇಲೆ ಅಂಗೈ ಸವರಿ ನೋಡಿ. ಬಿಳಿ ಪುಡಿ ಅಂಟಿದರೆ ಅದು ಅಗ್ಗದ ಡಿಸ್ಟೆಂಪರ್, ಹುಕ್ ಅಂಟುವುದು ಗೋಡೆಗಲ್ಲ, ಆ ಪುಡಿಗೆ. ರಾತ್ರಿ ಫೋಟೋ ಸಮೇತ ಢಬ್ ಅಂತ ಬೀಳುತ್ತದೆ. ಹುಕ್ ನಿಲ್ಲುವುದು ಟೈಲ್ಸ್ ಮೇಲೆ, ಪಾಲಿಶ್ ಹಾಕಿದ ಬಾಗಿಲ ಚೌಕಟ್ಟಿನ ಮೇಲೆ, ಅಲ್ಮೇರಾ ಮೇಲೆ. ಆದ್ದರಿಂದ ನಮ್ಮ ಫೋಟೋಗಳೆಲ್ಲ ಶೋಕೇಸಿನಲ್ಲಿ ಗೋಡೆಗೆ ಒರಗಿ ನಿಂತಿವೆ. ಶೋಕೇಸ್ ಅಂದರೆ ಗೊತ್ತಲ್ಲ, ಹಾಲಿನ ಗೋಡೆಯಲ್ಲಿ ಕಡಪ ಕಲ್ಲಿನ ಹಲಗೆ ಕೂರಿಸಿದ ಗೂಡು. ಕಪ್ಪು ಕಲ್ಲು ಇದ್ದಬದ್ದ ಬೆಳಕನ್ನೂ ನುಂಗುತ್ತದೆ. ಸಾಸಿವೆ ಸೀರೆಯಿಂದ ಕಿಟಕಿಗೆ ಬೇಡವಾಗಿ ಉಳಿದ ತುಂಡನ್ನು ಅಲ್ಲಿ ಹಾಸಿದೆ. ಗೂಡು ಎದ್ದು ಕಾಣತೊಡಗಿತು.

ಬೆಳಕಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಬಾಡಿಗೆ ಮನೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣಲು ಕಾರಣ ಬಡತನ ಅಲ್ಲ, ಆ ಬಿಳಿ ಟ್ಯೂಬ್‌ಲೈಟು. ಡಬ್ಬಿ ಮೇಲೆ 6500ಕೆ ಅಂತಿರುತ್ತದಲ್ಲ, ಅದು. ಓದಲು, ತರಕಾರಿ ಹೆಚ್ಚಲು ಅದೇ ಬೇಕು, ಜಗಳವಿಲ್ಲ. ಆದರೆ ರಾತ್ರಿ ಊಟ ಆದಮೇಲೆ 3000ಕೆಯ, ಅಂದರೆ ಹಳದಿ ಬೆಳಕಿನ, ಒಂದು 9 ವಾಟ್ ಎಲ್‌ಇಡಿ ಬಲ್ಬ್ ಹಾಕಿ ನೋಡಿ. ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಊರಿನ ಸಂತೆಯಲ್ಲಿ ಮೇದಾರರ ಹತ್ತಿರ ತಂದ ಬಿದಿರಿನ ಬುಟ್ಟಿಯೊಂದನ್ನು ಬೋರಲು ಹಾಕಿ, ತಳದಲ್ಲಿ ತೂತು ಮಾಡಿ, ವೈರು ಹೋಲ್ಡರ್ ಇಳಿಸಿ ನನ್ನ ಗಂಡ ಲ್ಯಾಂಪ್ ಮಾಡಿದ್ದಾರೆ. ಹಳೇ ಕಾಲದ ಬಲ್ಬ್ ಆಗಿದ್ದರೆ ಬುಟ್ಟಿ ಸುಟ್ಟುಹೋದೀತು, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಹಚ್ಚಿದರೆ ಗೋಡೆ ತುಂಬ ಹೆಣಿಗೆಯ ನೆರಳು. ಮಾಸಿದ ಪೇಂಟ್ ಕಾಣುವುದೇ ಇಲ್ಲ.

ಗಿಡಗಳಿಗೆ ಜಾಸ್ತಿ ಖರ್ಚು ಮಾಡಿಲ್ಲ. ಮನಿಪ್ಲಾಂಟ್, ದೊಡ್ಡಪತ್ರೆ ಎರಡೂ ಕೆಳಗಿನ ಮನೆಯಿಂದ ಕೇಳಿ ತಂದ ಕಡ್ಡಿಗಳು. ಲಾಲ್‌ಬಾಗ್ ನರ್ಸರಿಗೆ ಹೋದರೆ ಕೈ ಸುಮ್ನಿರಲ್ಲ, ಹಾಗಾಗಿ ಹೋಗುವುದೇ ಕಡಿಮೆ. ಮಣ್ಣಿನ ಕುಂಡ ಚೆಂದ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಫುಟ್‌ಪಾತಲ್ಲಿ ನೋಡಿ ಆಸೆಯೂ ಆಗುತ್ತದೆ. ಆದರೆ ಟೆಂಪೋದಲ್ಲಿ ಮೊದಲು ಒಡೆಯುವುದೇ ಅದು. ತುಳಸಿಗೆ ಮಾತ್ರ ಮಣ್ಣಿನದು. ಉಳಿದವೆಲ್ಲ ಪೇಂಟ್ ಬಕೆಟ್ಟಿನಲ್ಲಿ, ಹೊರಗಿನಿಂದ ಗೋಣಿತಾಟು ಸುತ್ತಿ. ಕೆಳಗೆ ತಟ್ಟೆ ಇಡಲೇಬೇಕು. ಇಲ್ಲಾಂದ್ರೆ ನೀರು ಕೆಳಗೆ ಆಂಟಿಯ ರಂಗೋಲಿ ಮೇಲೆ ತೊಟ್ಟಿಕ್ಕುತ್ತದೆ, ಆಮೇಲೆ ಬೆಳಗಿನ ಕಾಫಿ ನೆಮ್ಮದಿಯಾಗಿ ಕುಡಿದ ಹಾಗೇ.

ಒಂದು ಮಾತು ಬಿಟ್ಟೆ. ಟಾಟಾ ಏಸ್ ಹತ್ತಿದರಷ್ಟೇ ಸಾಲದು. ಅದರ ಹಿಂಭಾಗ ಸುಮಾರು ಏಳು ಅಡಿ ಉದ್ದ, ಐದು ಅಡಿ ಅಗಲ, ಬೇಕಾದ್ದು ಹಿಡಿಸುತ್ತದೆ. ತೊಂದರೆ ಮೆಟ್ಟಿಲಿನ ತಿರುವಿನಲ್ಲಿ. ಇಂಥ ಕಟ್ಟಡಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ನಮ್ಮ ಅಲ್ಮೇರಾ ಆ ತಿರುವು ದಾಟಲೇ ಇಲ್ಲ. ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡೆವು, ಬೀದಿಯ ಮಕ್ಕಳೆಲ್ಲ ಕೆಳಗೆ ನಿಂತು ಚಪ್ಪಾಳೆ ಹೊಡೆದರು. ಆವತ್ತಿನಿಂದ ಮನೆ ನೋಡಲು ಹೋದಾಗ ಅಡುಗೆಮನೆಗಿಂತ ಮೊದಲು ಮೆಟ್ಟಿಲು ಅಳೆಯುತ್ತೇನೆ.

ಈಗ ಕಣ್ಣಿರುವುದು ನವಲಗುಂದದ ಜಮಖಾನದ ಮೇಲೆ. ನಿಲುವು ಮಗ್ಗದಲ್ಲಿ ಹೆಂಗಸರು ಕೂತು ನೇಯುತ್ತಾರೆ, ನವಿಲು, ಪಗಡೆ ಹಾಸು, ದಪ್ಪ ದಪ್ಪ ಬಣ್ಣ. ಸುತ್ತಿದರೆ ಹೆಗಲ ಮೇಲೆ ಹೊತ್ತು ಯಾವ ಮೆಟ್ಟಿಲಾದರೂ ಹತ್ತಬಹುದು, ಟೆಂಪೋದಲ್ಲಿ ಟಿವಿಗೆ ಮೆತ್ತೆಯೂ ಆಗುತ್ತದೆ. ಪ್ರಶ್ನೆಗೆ ಉತ್ತರ ಸರಿ ಬಂತು, ಅಡ್ಡ ಬಂದಿರುವುದು ರೇಟು. ಮೂರು-ಐದು ಅಡಿಯದು ಸಾಕು ಅನ್ನುವುದು ಇವರ ವಾದ. ನನಗೆ ನಾಲ್ಕು-ಆರು ಬೇಕು. ಅವ್ವನನ್ನು ಕೇಳಿದರೆ, "ಮೊದಲ ನನ್ನ ಕೌದಿ ವಾಪಸ್ ಕಳಸು, ಆಮ್ಯಾಲೆ ಜಮಖಾನ ತಗೊ" ಅಂತಾಳೆ. ಕಳಿಸುವ ಮಾತೇ ಇಲ್ಲ.