ಚಂದ್ರಾಗೆ 25, ಅಪ್ಪನ ಮಳೆ ಪುಸ್ತಕಕ್ಕೆ 31

ಜುಲೈ 23, 2024, ಮಂಗಳವಾರ
ಸೋಮವಾರಪೇಟೆ ಹತ್ತಿರ, ತೋಟದ ಮನೆ

ಇವತ್ತೂ ಕರೆಂಟ್ ಇಲ್ಲ. ನಕ್ಷತ್ರ ಕಣ್ಣಿಗೆ ಬಿದ್ದು ತಿಂಗಳ ಮೇಲಾಯಿತು. ಆದರೂ ಬೆಳಗ್ಗೆಯಿಂದ ನಕ್ಷತ್ರದ್ದೇ ಕೆಲಸ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವ ತನಕ.

ನೋಡುತ್ತಿರುವುದು ಕ್ಯಾಸಿಯೋಪಿಯಾ ಎ. ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದುಹೋದ ನಕ್ಷತ್ರದ ಉಳಿಕೆ. ಸಿಡಿದ ಬೆಳಕು ಭೂಮಿ ಮುಟ್ಟಿ ಹತ್ತಿರ ಹತ್ತಿರ 350 ವರ್ಷ ಆಗಿದೆಯಂತೆ. ಬಾಹ್ಯಾಕಾಶದಲ್ಲಿದ್ದು ಎಕ್ಸ್‌ರೇ ಹಿಡಿಯುವ ನಾಸಾದ ಚಂದ್ರಾ ದೂರದರ್ಶಕದ ಹಳೆ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೈಸೂರಿನ ಹಾಸ್ಟೆಲ್‌ನಲ್ಲೇ ಇಳಿಸಿಕೊಂಡು ಬಂದೆ. ನಮ್ಮೂರ ನೆಟ್‌ವರ್ಕ್ ನಂಬಿದ್ದರೆ ಹುತ್ತರಿ ತನಕ ಕಾಯಬೇಕಿತ್ತು.

ಎಕ್ಸ್‌ರೇಗೆ ಮೋಡ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೇಲಿನ ಗಾಳಿಯೇ ಅದನ್ನು ಪೂರ್ತಿ ಕುಡಿದುಬಿಡುತ್ತದೆ. ಅದಕ್ಕೇ ದೂರದರ್ಶಕವನ್ನು ಗಾಳಿಯಿಂದಾಚೆಗೆ ಕಳಿಸಿದ್ದು.

ಎಂಟೂವರೆಗೆ ಅಪ್ಪ ಮಳೆ ಅಳೆದು ಒಳಗೆ ಬಂದರು, ಕೊಡೆಯಿಂದ ನೀರು ಸುರಿಸುತ್ತಾ. "ಎರಡು ಇಂಚು ನಲವತ್ತು ಸೆಂಟ್," ಅಂತ ಪುಸ್ತಕದಲ್ಲಿ ಬರೆದು (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್), ಸ್ಕ್ರೀನ್ ಕಡೆ ಬಗ್ಗಿದರು.

"ಇದೇನೋ, ಬರೀ ಚುಕ್ಕಿ?"

"ಒಂದೊಂದು ಚುಕ್ಕಿಯೂ ಒಂದೊಂದು ಎಕ್ಸ್‌ರೇ ಹನಿ ಅಪ್ಪ. ಯಾವಾಗ ಬಿತ್ತು, ಎಲ್ಲಿ ಬಿತ್ತು, ಎಷ್ಟು ಶಕ್ತಿ ಇತ್ತು, ಮೂರೂ ಬರೆದಿರುತ್ತೆ."

ಆ ಶಕ್ತಿಯೇ ಮಜಾ. 1.85 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ರಾಶಿ ಬಿದ್ದಿದ್ದರೆ ಸಿಲಿಕಾನ್, 6.6ರ ಹತ್ತಿರವಾದರೆ ಕಬ್ಬಿಣ. ಎರಡನ್ನೂ ಜರಡಿ ಹಿಡಿದ ಹಾಗೆ ಬೇರೆ ಮಾಡಿ, ಸಿಲಿಕಾನ್‌ಗೆ ಹಸಿರು, ಕಬ್ಬಿಣಕ್ಕೆ ನೀಲಿ ಹಾಕಿದೆ. ಎಡಗಡೆ ಕೆಳಗೆ, ಅಂದರೆ ಆಗ್ನೇಯದಲ್ಲಿ, ನೀಲಿ ಹಸಿರನ್ನೂ ದಾಟಿ ಹೊರಗೆ ಬಂದಿದೆ. ನಕ್ಷತ್ರದ ತೀರಾ ಒಳಗೆ ಹುಟ್ಟಿದ ಕಬ್ಬಿಣ ಹೊರಗೆ! ಓದಿ ಗೊತ್ತಿತ್ತು. ಆದರೆ ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಅದು ಮೂಡಿದಾಗ ಕಾಫಿ ಆರಿದ್ದೇ ತಿಳಿಯಲಿಲ್ಲ.

ಅಪ್ಪನಿಗೆ ಕಬ್ಬಿಣ ಬೇಡ, ಅಳತೆ ಬೇಕು. "ಎಷ್ಟು ಹೊತ್ತಿಗೊಂದು ಸಲ ಓದ್ತಾರೆ?"

"3.2 ಸೆಕೆಂಡಿಗೆ."

"ಅಷ್ಟರೊಳಗೆ ಎರಡು ಹನಿ ಒಂದೇ ಕಡೆ ಬಿದ್ರೆ?"

ಇಂಥ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಎರಡರ ಶಕ್ತಿಯೂ ಕೂಡಿ, ಒಂದೇ ದೊಡ್ಡ ಹನಿ ಅಂತ ದಾಖಲಾಗುತ್ತದೆ. ಜಾಸ್ತಿ ಹೊಳೆಯುವ ಜಾಗಗಳಲ್ಲಿ ಇದೊಂದು ದೊಡ್ಡ ತಲೆನೋವು.

"ನಮ್ದೂ ಹಾಗೇ ಅಲ್ವಾ," ಅಂದರು. "ರಾತ್ರಿ ಎರಡು ಸಲ ಹೊಡೆದಿದ್ರೂ ಬೆಳಗ್ಗೆ ಒಂದೇ ಲೆಕ್ಕ."

ಚಂದ್ರಾ ಮೇಲೆ ಹೋಗಿ ಇವತ್ತಿಗೆ ಸರಿಯಾಗಿ 25 ವರ್ಷ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಹಾರಿದ್ದು ಅಂದೆ. ಅಪ್ಪ ಮಾತಾಡದೆ ಎದ್ದು ಹೋಗಿ ಅಟ್ಟದಿಂದ 1999ರ ಪುಸ್ತಕ ತಂದರು. ಗೆದ್ದಲು ಒಂದು ಮೂಲೆ ತಿಂದಿತ್ತು. ಜುಲೈ 23ರ ಸಾಲಿನಲ್ಲಿ ಅವರದೇ ಗುಂಡು ಅಕ್ಷರ:

"3 ಇಂಚು 10 ಸೆಂಟ್. ಕರೆಂಟ್ ಇಲ್ಲ."