ತಣ್ಣಗಿದ್ದ ಎಂಜಿನ್‌ನ ಮೊದಲ ಎರಡು ಸೆಕೆಂಡು

ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಕೇಳಿಸುವ ಶಬ್ದವನ್ನು ಮಧ್ಯಾಹ್ನ ಪರೀಕ್ಷಿಸಿ, ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಜಾಬ್ ಕಾರ್ಡ್ ಮುಚ್ಚುವ ಪದ್ಧತಿ ನಮ್ಮ ವರ್ಕ್‌ಶಾಪಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ಪದ್ಧತಿಯಿಂದಾಗಿ ಒಂದು ಒಳ್ಳೆಯ ಎಂಜಿನ್ ಕೆಡುವ ಅಂಚಿಗೆ ಬಂದು ನಿಂತ ಪ್ರಕರಣವನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೊಂದು ಪೆಟ್ರೋಲ್ ಕಾರು. ರಾತ್ರಿಯಿಡೀ ನಿಂತಿದ್ದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಗರಗರ ಎನ್ನುವ ಶಬ್ದ ಬಂದು ತಕ್ಷಣ ನಿಲ್ಲುತ್ತದೆ ಎಂಬುದು ಮಾಲೀಕರ ದೂರು. ಇದೇ ದೂರಿಗೆ ಹಿಂದೆಯೂ ಜಾಬ್ ಕಾರ್ಡ್ ತೆರೆದು ಮುಚ್ಚಲಾಗಿತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮಾಲೀಕರು ಮನೆಯಿಂದ ಓಡಿಸಿಕೊಂಡು ಬಂದ ಗಾಡಿಯನ್ನು ಸರ್ವಿಸ್ ಅಡ್ವೈಸರ್ ಸ್ಟಾರ್ಟ್ ಮಾಡಿ ಒಳಗೆ ತರುತ್ತಾರೆ, ತೊಳೆಯುವವರು ಮತ್ತೆ ಸ್ಟಾರ್ಟ್ ಮಾಡಿ ಆಚೆ ನಿಲ್ಲಿಸುತ್ತಾರೆ, ಕೊನೆಗೆ ಅದು ಮೆಕ್ಯಾನಿಕ್‌ನ ಕೈಗೆ ಬರುವಾಗ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್‌ನೊಳಗೆ ಆಯಿಲ್ ತುಂಬಿರುತ್ತದೆ, ಎಂಜಿನ್ ಶಬ್ದವಿಲ್ಲದೆ ಓಡುತ್ತಿರುತ್ತದೆ.

ಟೈಮಿಂಗ್ ಚೈನ್ ಎಂದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವನ್ನೂ ಹೊಂದಾಣಿಕೆ ತಪ್ಪದಂತೆ ಜೋಡಿಸುವ ಸರಪಳಿ. ಅದನ್ನು ಬಿಗಿಯಾಗಿ ಹಿಡಿಯುವ ಹೈಡ್ರಾಲಿಕ್ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಗಾಡಿ ಗಂಟೆಗಟ್ಟಲೆ ನಿಂತಾಗ ಆಯಿಲ್ ಎಂಜಿನ್‌ನ ತಳದ ತೊಟ್ಟಿಯಾದ ಸಂಪಿಗೆ ಇಳಿದುಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಪಂಪಿನ ಒತ್ತಡ ಟೆನ್ಷನರಿಗೆ ತಲುಪುವವರೆಗೆ ಒಳಗಿನ ಸ್ಪ್ರಿಂಗ್ ಮಾತ್ರವೇ ಚೈನನ್ನು ಹಿಡಿದಿರಬೇಕು. ಚೈನ್ ಹೊಸದಾಗಿದ್ದರೆ ಅಷ್ಟು ಸಾಕಾಗುತ್ತದೆ. ಸವೆದ ಚೈನಿನಲ್ಲಿ ಪ್ರತಿ ಕೊಂಡಿಯ ಪಿನ್ ಮತ್ತು ಬುಷ್‌ಗಳ ನಡುವೆ ಸಡಿಲು ಹುಟ್ಟಿರುತ್ತದೆ. ನೂರು ಕೊಂಡಿಗಳಲ್ಲಿ ಒಂದೊಂದೂ 0.02 ಮಿಲಿಮೀಟರ್ ಸವೆದರೂ ಒಟ್ಟು ಉದ್ದ 2 ಮಿಲಿಮೀಟರ್ ಹೆಚ್ಚುತ್ತದೆ, ಸಡಿಲಾದ ಚೈನ್ ತನ್ನನ್ನು ದಾರಿಯಲ್ಲಿ ಹಿಡಿದಿಡುವ ಪಟ್ಟಿಯಾದ ಗೈಡಿಗೋ ಕವರಿಗೋ ಬಡಿಯುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋದ ಎಂಜಿನ್‌ಗಳಲ್ಲಿ ಈ ಸವೆತ ಬೇಗ ಬರುತ್ತದೆ.

ನಾನು ಗಾಡಿಯನ್ನು ರಾತ್ರಿ ಇಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂದು ಕೇಳಿದೆ. ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಮಟ್ಟ ಸರಿಯಾಗಿತ್ತು. ಆಯಿಲ್ ಫಿಲ್ಟರ್ ಕೂಡ ಕಂಪನಿಯದ್ದೇ ಆಗಿತ್ತು. ಈ ಎರಡನ್ನು ಮೊದಲು ನೋಡದೆ ಚೈನಿನ ಮಾತೆತ್ತಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಕೆಟ್ಟಿರುವ ಅಗ್ಗದ ಫಿಲ್ಟರ್ ಕೂಡ ಇದೇ ಬಗೆಯ ಶಬ್ದ ಕೊಡಬಲ್ಲದು, ಆಗ ಫಿಲ್ಟರ್ ಬದಲಿಸಿದರೆ ಕೆಲಸ ಮುಗಿಯುತ್ತದೆ.

ಸಂಜೆ ಜಾಗ ಖಾಲಿ ಮಾಡಬೇಕೆಂದು ಫ್ಲೋರ್ ಮ್ಯಾನೇಜರ್ ಒಬ್ಬ ಹುಡುಗನನ್ನು ಕೀಗಾಗಿ ಕಳುಹಿಸಿದರು. ‘ಗಾಡಿಯನ್ನು ತಳ್ಳಿಕೊಂಡು ಹೋಗೋಣ, ಸ್ಟಾರ್ಟ್ ಮಾತ್ರ ಮಾಡಬೇಡಪ್ಪ’ ಎಂದು ನಾನು ಅವನನ್ನು ತಡೆದೆ. ಒಮ್ಮೆ ಸ್ಟಾರ್ಟ್ ಮಾಡಿದ್ದರೂ ಇನ್ನೊಂದು ರಾತ್ರಿ ಕಾಯಬೇಕಾಗುತ್ತಿತ್ತು, ಅಷ್ಟು ಹೊತ್ತು ಗಾಡಿ ಬಿಟ್ಟುಹೋಗಲು ಮಾಲೀಕರು ಒಪ್ಪುತ್ತಿರಲಿಲ್ಲ. ನಾವು ನಾಲ್ವರು ಸೇರಿ ಅದನ್ನು ಗೋಡೆಯ ಪಕ್ಕಕ್ಕೆ ತಳ್ಳಿದೆವು. ಸ್ಟೀರಿಂಗಿಗೆ ಚೀಟಿ ಅಂಟಿಸಿ ಕೀಯನ್ನು ನನ್ನ ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದೆ.

ಬೆಳಿಗ್ಗೆ ಸದ್ದು ಮಾಡುವ ಏರ್ ಕಂಪ್ರೆಸರ್ ಆನ್ ಮಾಡುವ ಮೊದಲೇ ಬಾನೆಟ್ ತೆರೆದೆವು. ಸಹೋದ್ಯೋಗಿ ಕೀ ಹಿಡಿದು ಕುಳಿತರು, ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ಪಕ್ಕಕ್ಕಿಟ್ಟೆವು, ನಾನು ಸ್ಟೆತೊಸ್ಕೋಪಿನ ಕಡ್ಡಿಯನ್ನು ಫ್ರಂಟ್ ಕವರಿನ ಮೇಲೆ, ಟೆನ್ಷನರ್ ಇರುವ ಕಡೆಗೆ ಒತ್ತಿ ಹಿಡಿದೆ. ಇನ್ನೊಂದು ಅವಕಾಶ ಆ ದಿನ ಸಿಗುವುದಿಲ್ಲವಾದ್ದರಿಂದ ಎಲ್ಲಿ ಕೇಳಿಸಬೇಕು, ಎಷ್ಟು ಹೊತ್ತು ಇರಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ಮನಸ್ಸಿನಲ್ಲಿ ಮತ್ತೆ ಹೇಳಿಕೊಂಡೆ. ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಆದರೆ ಶಬ್ದ ಮೇಲಿನಿಂದ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ಟಿಕ್ ಟಿಕ್ ಎಂದು ಬಂದು ನಿಧಾನವಾಗಿ ಕರಗುತ್ತದೆ. ಪಿಸ್ಟನ್ ಆದರೆ ಮಂದವಾಗಿ ಬಡಿಯುತ್ತಾ ಎಂಜಿನ್ ಬಿಸಿಯಾಗುವವರೆಗೆ ನಿಮಿಷಗಟ್ಟಲೆ ಉಳಿಯುತ್ತದೆ. ಹೆಚ್ಚು ಮೋಸ ಮಾಡುವುದು ಕ್ಯಾಮ್ ತುದಿಯಲ್ಲಿದ್ದು ವಾಲ್ವ್ ತೆರೆಯುವ ಸಮಯವನ್ನು ಬದಲಿಸುವ ವಿವಿಟಿ ಗೇರ್. ಅದರ ಲಾಕ್ ಪಿನ್ ಸವೆದಿದ್ದರೆ ಅದೂ ಚೈನಿನಂತೆಯೇ ಒಂದೆರಡು ಸೆಕೆಂಡು ಕಟಕಟಿಸಿ ಸುಮ್ಮನಾಗುತ್ತದೆ, ಆದರೆ ಶಬ್ದದ ಜಾಗ ಮೇಲಿರುತ್ತದೆ.

ಕೀ ತಿರುಗಿತು. ಕಡ್ಡಿಯ ತುದಿಯಲ್ಲಿ ತಗಡಿನ ಮೇಲೆ ಸರಪಳಿ ಎಳೆದಂಥ ಒರಟು ಶಬ್ದ ಸುಮಾರು ಎರಡು ಸೆಕೆಂಡು ಕೇಳಿ, ಆಯಿಲ್ ಒತ್ತಡ ಏರುತ್ತಿದ್ದಂತೆ ಥಟ್ಟನೆ ನಿಂತಿತು. ನಾನು ಎಂಜಿನ್ ಆಫ್ ಮಾಡಿಸಿ ತಕ್ಷಣ ಮತ್ತೆ ಸ್ಟಾರ್ಟ್ ಮಾಡಿಸಿದಾಗ ಏನೂ ಕೇಳಿಸಲಿಲ್ಲ. ಮಾಲೀಕರ ಮಾತು ಮೊದಲಿನಿಂದಲೂ ಅಕ್ಷರಶಃ ಸರಿಯಾಗಿತ್ತು.

ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲವಲ್ಲ ಎಂಬುದು ಮ್ಯಾನೇಜರ್ ಎತ್ತಿದ ಆಕ್ಷೇಪ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿದಾಗ ಬರುವ ದೋಷದ ಕೋಡ್ ಪಿ0016, ಆ ವ್ಯತ್ಯಾಸ ನಿಗದಿತ ಮಿತಿಯನ್ನು ದಾಟಿದ ಮೇಲಷ್ಟೇ ದಾಖಲಾಗುತ್ತದೆ. ಅದಕ್ಕೂ ಮುನ್ನ ಗೈಡುಗಳು ಸವೆಯುತ್ತಲೇ ಇರುತ್ತವೆ. ಲೈವ್ ಡೇಟಾದಲ್ಲಿ ಕ್ಯಾಮ್ ಕೋನ ಮ್ಯಾನ್ಯುಯಲ್ ಹೇಳುವ ಅಂಕಿಯಿಂದ ಸರಿದಿರುವುದನ್ನು ತೋರಿಸಿದ ಮೇಲೆ ಕವರ್ ಬಿಚ್ಚಲು ಅನುಮತಿ ಸಿಕ್ಕಿತು. ಟೆನ್ಷನರಿನ ಪ್ಲಂಜರ್ ತನ್ನ ಓಟದ ಕೊನೆಯವರೆಗೆ ಹೊರಚಾಚಿತ್ತು, ಚೈನಿನ ಸಡಿಲನ್ನು ಹಿಡಿಯಲು ಅದಕ್ಕೆ ಇನ್ನು ಜಾಗ ಉಳಿದಿರಲಿಲ್ಲ. ಗೈಡಿನ ಪ್ಲಾಸ್ಟಿಕ್ ಮೈಯಲ್ಲಿ ಚೈನಿನ ಎರಡು ಅಂಚುಗಳು ಉಗುರು ಸಿಕ್ಕುವಷ್ಟು ಆಳದ ಗೀರುಗಳನ್ನು ಕೊರೆದಿದ್ದವು, ಕೆಳತುದಿಯ ಒಂದು ಚೂರು ಮುರಿದು ಕಾಣೆಯಾಗಿತ್ತು. ಸಂಪ್ ಇಳಿಸಿದಾಗ ಆ ಚೂರು ಆಯಿಲ್ ಸ್ಟ್ರೇನರಿನ ಜಾಲರಿಗೆ ಅಂಟಿಕೊಂಡಿತ್ತು.

ಟೆನ್ಷನರ್ ಒಂದನ್ನೇ ಬದಲಿಸಿ ಗಟ್ಟಿ ಆಯಿಲ್ ಹಾಕಿ ಕಳುಹಿಸೋಣ ಎಂಬ ಸಲಹೆಯೂ ಬಂತು. ನಾನು ಅದಕ್ಕೆ ಒಪ್ಪಲಿಲ್ಲ. ಗಟ್ಟಿ ಆಯಿಲ್ ತಣ್ಣಗಿರುವಾಗ ಟೆನ್ಷನರನ್ನು ಇನ್ನೂ ತಡವಾಗಿ ತಲುಪುತ್ತದೆ, ಹೊಸ ಟೆನ್ಷನರ್ ಶಬ್ದವನ್ನು ಅಡಗಿಸಿದರೂ ಹಳೆಯ ಚೈನ್ ಹಾಗೆಯೇ ಉಳಿಯುತ್ತದೆ, ಅದು ಹಲ್ಲುಚಕ್ರದ ಒಂದು ಹಲ್ಲು ದಾಟಿ ಹಾರಿದರೆ ಈ ಎಂಜಿನ್‌ನಲ್ಲಿ ವಾಲ್ವುಗಳು ಪಿಸ್ಟನ್ನಿಗೆ ತಾಗುತ್ತವೆ. ಚೈನ್, ಗೈಡುಗಳು, ಟೆನ್ಷನರ್, ಸ್ಪ್ರಾಕೆಟ್ಟುಗಳು ಎಲ್ಲವನ್ನೂ ಬದಲಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿದೆವು. ಮತ್ತೊಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೇಳಿ, ನಂತರ ಗಾಡಿ ಕೊಟ್ಟೆವು.

ಈಗ ನಮ್ಮ ಜಾಬ್ ಕಾರ್ಡಿನಲ್ಲಿ ‘ತಣ್ಣಗಿದ್ದಾಗ ಪರೀಕ್ಷಿಸಲಾಗಿದೆಯೇ’ ಎಂಬ ಕಾಲಂ ಸೇರಿದೆ. ಆದರೆ ರಾತ್ರಿ ನಿಲ್ಲಿಸಿಕೊಳ್ಳುವ ಗಾಡಿಗೆ ಪ್ರತ್ಯೇಕ ಜಾಗವನ್ನಾಗಲಿ, ಬೆಳಗಿನ ಆ ಪರೀಕ್ಷೆಗೆ ಕೂಲಿಯ ಸಮಯವನ್ನಾಗಲಿ ಇನ್ನೂ ಯಾರೂ ಕೊಟ್ಟಿಲ್ಲ. ಅದನ್ನು ನಾನು ಪ್ರತಿ ಮೀಟಿಂಗಿನಲ್ಲಿ ಕೇಳುತ್ತಿದ್ದೇನೆ.