ನಾಲ್ಕು ಸಾವಿರದ ಐನೂರು ರೂಪಾಯಿ

ಕಳೆದ ಸೋಮವಾರ ಸಂಜೆ ನಮ್ಮ ಬ್ಯಾಂಕ್ ಶಾಖೆಯ ನಗದು ಲೆಕ್ಕದಲ್ಲಿ 4,500 ರೂಪಾಯಿ ಕಡಿಮೆ ಬಂದಿತು. ನವೆಂಬರ್ ಎಂದರೆ ಜೀವಿತ ಪ್ರಮಾಣಪತ್ರ ಕೊಡಲು ಬರುವ ಪಿಂಚಣಿದಾರರ ಸಾಲು; ಸವೆದ ಬೆರಳುಗಳನ್ನು ಯಂತ್ರ ಗುರುತಿಸದಾಗಲೆಲ್ಲ ಆ ಹಿರಿಯರು ಎದುರಿಗೇ ಕಾಣುವ ಕ್ಯಾಷ್ ಕೌಂಟರಿನ ಮೇಡಂ ಅವರನ್ನೇ ಕೂಗುತ್ತಿದ್ದುದನ್ನು ಬೆಳಗಿನಿಂದ ನೋಡಿದ್ದೆ. ಆದರೂ ಕೊರತೆಯೆಂದು ತಿಳಿದೊಡನೆ ನಾನು ಕೇಳಿದ್ದು ಇಷ್ಟೇ: “ಗಮನ ಎಲ್ಲಿತ್ತು ನಿಮಗೆ?”

“ಇಲ್ಲೇ ಇತ್ತು ಸರ್,” ಎಂದರು ಅವರು, ನೋಟು ಎಣಿಸುತ್ತಿದ್ದ ಕೈ ನಿಲ್ಲಿಸದೆ.

ಸ್ಟ್ರಾಂಗ್ ರೂಮಿನ ಒಂದು ಕೀ ಅವರ ಬಳಿ, ಇನ್ನೊಂದು ನನ್ನ ಬಳಿ ಇರುವುದರಿಂದ ಲೆಕ್ಕ ಹೊಂದುವವರೆಗೆ ಇಬ್ಬರೂ ಹೊರಡುವಂತಿರಲಿಲ್ಲ. ಆರು ಗಂಟೆಗೆ ವ್ಯವಸ್ಥಾಪಕರು, “ಸಿಗದಿದ್ದರೆ ಕಟ್ಟಿಬಿಡಿ” ಎಂದು ಹೇಳಿ ಹೊರಟರು. ಕೊರತೆಯನ್ನು ಕ್ಯಾಷಿಯರ್ ಕೈಯಿಂದ ತುಂಬುವುದು ನಮ್ಮಲ್ಲಿ ರೂಢಿಯೇ. ವ್ಯವಸ್ಥಾಪಕರು ಕೆಟ್ಟವರಲ್ಲ, ನಿಯಮ ಹೇಳಿದರೆ ತಮ್ಮ ಕೆಲಸ ಮುಗಿಯಿತೆಂದು ನಂಬಿದವರು.

ಐದು ಹೊಡೆಯುತ್ತಲೇ ಚೀಲ ಹೆಗಲಿಗೇರಿಸುವ, ನಾನು ಮನಸ್ಸಿನಲ್ಲೇ ಸೋಮಾರಿಯೆಂದು ಕರೆಯುತ್ತಿದ್ದ ಹಿರಿಯ ಗುಮಾಸ್ತರು ಅಂದು ಹೋಗಿರಲಿಲ್ಲ. ಕುರ್ಚಿ ಎಳೆದುಕೊಂಡು ಮೇಡಂ ಪಕ್ಕ ಕುಳಿತು, “ಒಂಬತ್ತರಿಂದ ಭಾಗ ಹೋಗುತ್ತದಲ್ಲಮ್ಮ, ಹಣ ಎಲ್ಲೂ ಹೋಗಿಲ್ಲ. ಚಲನ್‌ಗಳನ್ನು ಕೊಡಿ, ಒಟ್ಟಿಗೆ ನೋಡೋಣ” ಎಂದರು. ಅಂಕಿಗಳು ಅದಲುಬದಲಾದರೂ, ಕೊನೆಯಲ್ಲಿ ಸೊನ್ನೆಯೊಂದು ಹೆಚ್ಚಾದರೂ ಬರುವ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ಕೈಬರಹದ ಲೆಡ್ಜರ್ ಕಾಲದ ಗುಟ್ಟು. ನನಗೂ ಅದು ಗೊತ್ತಿತ್ತು, ಸಿಟ್ಟಿನಲ್ಲಿ ನೆನಪಾಗಲಿಲ್ಲ. ಏಳೂವರೆಗೆ ಸಿಕ್ಕಿತು: 500 ರೂಪಾಯಿಯ ಜಮೆ 5,000 ಎಂದು ದಾಖಲಾಗಿತ್ತು.

ತಪ್ಪು ಮೇಡಂ ಅವರದೇ. ಆದರೆ ಗುಮಾಸ್ತರು ಪಕ್ಕದಲ್ಲಿ ಕುಳಿತದ್ದು ತಪ್ಪು ಯಾರದೆಂದು ತಿಳಿಯುವ ಮುನ್ನ. ನಗದು ಕಡಿಮೆ ಬಿದ್ದ ಕೌಂಟರಿನ ಮೇಲೆ ಅಜಾಗರೂಕತೆಯ ಆರೋಪದ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಅನುಮಾನವೊಂದು ಕವಿಯುತ್ತದೆ. “ಹಣ ಎಲ್ಲೂ ಹೋಗಿಲ್ಲ” ಎಂಬ ಮಾತು ಮೊದಲು ತೆಗೆದದ್ದು ಅದನ್ನು. ನನ್ನ ಪ್ರಶ್ನೆಯಲ್ಲಿ ಆ ಅನುಮಾನ ಇರಲಿಲ್ಲವೆಂದು ವಾರವಿಡೀ ನನಗೆ ನಾನೇ ಹೇಳಿಕೊಂಡಿದ್ದೇನೆ, ಪೂರ್ತಿ ನಂಬಿಕೆಯಾಗಿಲ್ಲ.

2003ರಲ್ಲಿ, ಕ್ಯಾಷಿಯರ್ ಆಗಿದ್ದ ಹೊಸತರಲ್ಲಿ, ನನಗೂ 2,000 ರೂಪಾಯಿ ಕಡಿಮೆ ಬಂದಿತ್ತು. ಸಂಬಳದಿಂದ ಕಟ್ಟಿದೆ. ಕಟ್ಟಿದ ಹಣ ಮರೆತುಹೋಗಿದ್ದರೂ ಅಂದಿನ ಅಧಿಕಾರಿ ಎಲ್ಲರೆದುರು ಕೇಳಿದ “ಗಮನ ಎಲ್ಲಿತ್ತು ನಿನಗೆ?” ಎಂಬ ಮಾತು ಮರೆತಿರಲಿಲ್ಲ. ಅದನ್ನು ಇಷ್ಟು ವರ್ಷ ದ್ವೇಷಿಸಿಕೊಂಡು ಬಂದೆನೆಂದು ತಿಳಿದಿದ್ದೆ. ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ, ಅಷ್ಟೆ. ‘ನಿನಗೆ’ ಎಂಬುದು ‘ನಿಮಗೆ’ ಆಗಿತ್ತು.

ಮಂಗಳವಾರ ಬೆಳಿಗ್ಗೆ, ನಾನು ಹಾಗೆ ಮಾತನಾಡಬಾರದಿತ್ತು ಎಂದು ಮೇಡಂ ಅವರಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಬಿಡಿ ಸರ್. ಕೀ ತಂದಿದ್ದೀರಾ? ಆಗಲೇ ಜನ ಬಂದಿದ್ದಾರೆ,” ಎಂದರು.